ಮಗುವಿನ ಪ್ರಶ್ನೆಯಿಂದ ಅನುದಾನದ ಅರ್ಜಿಯವರೆಗೆ: ಇನ್‌ಸ್ಪೈರ್ ಅವಾರ್ಡ್ಸ್–ಮಾನಕ್ ಆನ್‌ಲೈನ್ ನಾಮನಿರ್ದೇಶನ ಕುರಿತ ಅಧ್ಯಯನ ಪಾಠ

(ಗ್ರಾಮ ಪಂಚಾಯಿತಿ ಅಧ್ಯಕ್ಷರು ಮತ್ತು ಸದಸ್ಯರು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು, ಗ್ರಂಥಾಲಯ ಮೇಲ್ವಿಚಾರಕರು, ಮುಖ್ಯೋಪಾಧ್ಯಾಯರು ಹಾಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಪದಾಧಿಕಾರಿಗಳ ಉಪಯೋಗಕ್ಕಾಗಿ)

ಪೀಠಿಕೆ

ಸಂಶೋಧನಾ ಅನುದಾನವೆಂದೊಡನೆ ವಿಶ್ವವಿದ್ಯಾಲಯ, ಪ್ರಯೋಗಾಲಯ, ಪ್ರಾಧ್ಯಾಪಕರು ನಮ್ಮ ಕಣ್ಮುಂದೆ ನಿಲ್ಲುತ್ತಾರೆ. ಆದರೆ ಆರನೆಯ ತರಗತಿಯ ವಿದ್ಯಾರ್ಥಿಯೂ ತನ್ನ ಸ್ವಂತ ವಿಚಾರವನ್ನು ಮುಂದಿಟ್ಟು, ಅದನ್ನು ಪರೀಕ್ಷಿಸಿ ನೋಡಲು ಕೇಂದ್ರ ಸರ್ಕಾರದಿಂದ ಹಣ ಪಡೆಯಲು ಅವಕಾಶವಿದೆ. ಅದಕ್ಕೆ ಅರ್ಜಿಯನ್ನು ಆನ್‌ಲೈನ್ ಮೂಲಕವೇ ಸಲ್ಲಿಸಬೇಕು. ವಿಚಾರ ಮಗುವಿನದಾದರೂ ಅರ್ಜಿಯನ್ನು ಕಳುಹಿಸುವ ಅಧಿಕಾರ ಶಾಲೆಯದು. ಆದ್ದರಿಂದ ಹಿರಿಯರ ಅಲಕ್ಷ್ಯದಿಂದ ಮಗುವಿನ ಅವಕಾಶ ಕೈತಪ್ಪುವ ಸಂಭವ ಇಲ್ಲಿ ಹೆಚ್ಚು. ಅಂತರ್ಜಾಲ ಸಂಪರ್ಕವಿಲ್ಲವೆಂದು, ಖಾತೆಯ ಸಂಖ್ಯೆ ತಪ್ಪಾಯಿತೆಂದು, ಕೊನೆಯ ದಿನಾಂಕ ತಿಳಿಯಲಿಲ್ಲವೆಂದು ಒಂದು ಒಳ್ಳೆಯ ವಿಚಾರ ಬಿದ್ದುಹೋಗಬಾರದು. ವಿಚಾರವನ್ನು ಗುರುತಿಸುವುದರಿಂದ ಹಿಡಿದು ಹಣದ ಸದ್ವಿನಿಯೋಗದವರೆಗಿನ ಕ್ರಮವನ್ನು ಹಂತಹಂತವಾಗಿ ವಿವರಿಸುವುದು ಈ ಪಾಠದ ಉದ್ದೇಶ.

1. ಯೋಜನೆಯ ಸ್ವರೂಪ

ಎಳೆಯ ಪ್ರತಿಭೆಗಳನ್ನು ವಿಜ್ಞಾನದ ಅಧ್ಯಯನ ಮತ್ತು ಸಂಶೋಧನೆಯತ್ತ ಸೆಳೆಯುವ ಸಲುವಾಗಿ ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ 'ಇನ್‌ಸ್ಪೈರ್' ಕಾರ್ಯಕ್ರಮವು 2008ರಲ್ಲಿ ಆರಂಭವಾಯಿತು. ಅದರ ಶಾಲಾ ಹಂತದ ಭಾಗವೇ ಇಂದಿನ 'ಇನ್‌ಸ್ಪೈರ್ ಅವಾರ್ಡ್ಸ್–ಮಾನಕ್'. ಇಲಾಖೆಯು ಇದನ್ನು ಗಾಂಧಿನಗರದಲ್ಲಿರುವ ರಾಷ್ಟ್ರೀಯ ನಾವೀನ್ಯತಾ ಪ್ರತಿಷ್ಠಾನದ ಸಹಯೋಗದಲ್ಲಿ ನಡೆಸುತ್ತಿದೆ. ಮೊದಲು 6ರಿಂದ 10ನೆಯ ತರಗತಿಯವರಿಗೆ ಮೀಸಲಾಗಿದ್ದ ಯೋಜನೆಯನ್ನು 2024-25ರಿಂದ 11 ಮತ್ತು 12ನೆಯ ತರಗತಿಗಳಿಗೂ ವಿಸ್ತರಿಸಲಾಗಿದೆ. ಸರ್ಕಾರಿ, ಅನುದಾನಿತ, ಖಾಸಗಿ ಎಂಬ ಭೇದವಿಲ್ಲದೆ ಮಾನ್ಯತೆ ಪಡೆದ ಎಲ್ಲ ಶಾಲೆಗಳೂ ಇದರಲ್ಲಿ ಭಾಗವಹಿಸಬಹುದು.

ಆಯ್ಕೆಯ ಏಣಿ ಹೀಗಿದೆ. ದೇಶದಾದ್ಯಂತ 10 ಲಕ್ಷ ವಿಚಾರಗಳನ್ನು ಸಂಗ್ರಹಿಸುವುದು ಯೋಜನೆಯ ಗುರಿ. ಅವುಗಳಲ್ಲಿ 1 ಲಕ್ಷದವರೆಗೆ ವಿಚಾರಗಳನ್ನು ಆರಿಸಿ, ಪ್ರತಿ ವಿದ್ಯಾರ್ಥಿಯ ಬ್ಯಾಂಕ್ ಖಾತೆಗೆ ನೇರವಾಗಿ ರೂ. 10,000 ಜಮೆ ಮಾಡಲಾಗುತ್ತದೆ. ಆ ಹಣದಿಂದ ಮಾದರಿಯನ್ನು ಸಿದ್ಧಪಡಿಸಿದ ವಿದ್ಯಾರ್ಥಿಗಳು ಜಿಲ್ಲಾ ಹಂತದ ಪ್ರದರ್ಶನದಲ್ಲಿ ಅದನ್ನು ಮಂಡಿಸುತ್ತಾರೆ. ಅಲ್ಲಿಂದ 10,000 ವಿಚಾರಗಳವರೆಗೆ ರಾಜ್ಯ ಹಂತಕ್ಕೆ, ಅಲ್ಲಿಂದ 1,000ದವರೆಗೆ ರಾಷ್ಟ್ರ ಹಂತಕ್ಕೆ ಏರುತ್ತವೆ. ಕೊನೆಗೆ 60 ವಿಚಾರಗಳು ರಾಷ್ಟ್ರೀಯ ಪುರಸ್ಕಾರಕ್ಕೆ ಆಯ್ಕೆಯಾಗುತ್ತವೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಮೊದಲ ಹಂತದ ಆಯ್ಕೆಯಲ್ಲಿ ತೀರ್ಪುಗಾರರು ಮಗುವನ್ನು ನೋಡುವುದಿಲ್ಲ, ಮಾದರಿಯನ್ನೂ ನೋಡುವುದಿಲ್ಲ. ಅವರ ಮುಂದಿರುವುದು ನಾವು ಕಳುಹಿಸಿದ ಬರಹ ಮಾತ್ರ. ಮಗುವಿನ ಪರವಾಗಿ ಮಾತನಾಡುವುದು ಆ ಬರಹವೊಂದೇ.

2. ಪಂಚಾಯಿತಿಗೆ ಇದರಲ್ಲಿ ಏನು ಕೆಲಸ?

ಇದು ಶಿಕ್ಷಣ ಇಲಾಖೆಯ ಕೆಲಸವಲ್ಲವೇ ಎಂಬ ಪ್ರಶ್ನೆ ಸಹಜ. ಸಂವಿಧಾನದ 73ನೆಯ ತಿದ್ದುಪಡಿಯ ಮೂಲಕ ಸೇರ್ಪಡೆಯಾದ ಹನ್ನೊಂದನೆಯ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳಿವೆ. ಪ್ರಾಥಮಿಕ ಮತ್ತು ಪ್ರೌಢಶಿಕ್ಷಣ, ತಾಂತ್ರಿಕ ತರಬೇತಿ, ಗ್ರಂಥಾಲಯ ಇವು ಮೂರೂ ಆ ಪಟ್ಟಿಯಲ್ಲಿವೆ. ಅರ್ಜಿಯನ್ನು ಸಲ್ಲಿಸುವವರು ಮುಖ್ಯೋಪಾಧ್ಯಾಯರೇ ಆದರೂ ಅದಕ್ಕೆ ಬೇಕಾದ ಅನುಕೂಲಗಳು ಹಲವೆಡೆ ಪಂಚಾಯಿತಿಯ ಕೈಯಲ್ಲಿವೆ.

ಮೊದಲನೆಯದು, ಗ್ರಾಮ ಪಂಚಾಯಿತಿ ಗ್ರಂಥಾಲಯ ಮತ್ತು ಅರಿವು ಕೇಂದ್ರ. ಗಣಕಯಂತ್ರ ಅಥವಾ ಸಂಪರ್ಕವಿಲ್ಲದ ಶಾಲೆಯ ಶಿಕ್ಷಕರಿಗೆ ವಾರದಲ್ಲಿ ನಿಗದಿತ ಒಂದೆರಡು ಗಂಟೆ ಅಲ್ಲಿ ಅವಕಾಶ ಕಲ್ಪಿಸಿದರೆ ಅರ್ಧ ತೊಡಕು ನಿವಾರಣೆಯಾಗುತ್ತದೆ. ಎರಡನೆಯದು, ಮಕ್ಕಳ ಗ್ರಾಮಸಭೆ. ಮಕ್ಕಳು ಅಲ್ಲಿ ಹೇಳುವ ತೊಂದರೆಗಳು ನಡವಳಿ ಪುಸ್ತಕದಲ್ಲಿ ದಾಖಲಾಗುತ್ತವೆ. ಚರಂಡಿ ಕಟ್ಟಿಕೊಂಡಿದೆ, ಕೊಳಾಯಿಯ ನೀರು ವ್ಯರ್ಥವಾಗುತ್ತಿದೆ, ಅಜ್ಜಿಗೆ ಬಸ್ ಹತ್ತಲಾಗುತ್ತಿಲ್ಲ ಎಂಬ ಮಾತುಗಳನ್ನು ನಾವು ಅಹವಾಲುಗಳೆಂದು ಮಾತ್ರ ಓದುತ್ತೇವೆ. ಅವೇ ಮಾತುಗಳನ್ನು ಸಂಶೋಧನೆಯ ಪ್ರಶ್ನೆಗಳೆಂದೂ ಓದಬಹುದು. ಆ ಪುಟಗಳ ಪ್ರತಿಯನ್ನು ಶಾಲೆಯ ವಿಜ್ಞಾನ ಶಿಕ್ಷಕರಿಗೆ ಕೊಡುವುದು ಪಂಚಾಯಿತಿಗೆ ಯಾವ ಖರ್ಚೂ ಇಲ್ಲದ ಸಹಾಯ. ಮೂರನೆಯದು, ಊರಿನ ಅನುಭವಿಗಳ ಪರಿಚಯ. ನೀರುಗಂಟಿ, ಬಡಗಿ, ವೆಲ್ಡಿಂಗ್ ಅಂಗಡಿಯವರು, ಮೋಟರು ಸುತ್ತುವವರು ಇವರೊಂದಿಗೆ ಮಗು ಒಂದು ಗಂಟೆ ಮಾತನಾಡಿದರೆ ವಿಚಾರಕ್ಕೆ ಗಟ್ಟಿತನ ಬರುತ್ತದೆ.

3. ವಿಚಾರವನ್ನು ಆರಿಸುವ ಕ್ರಮ

ಶಾಲೆಯಲ್ಲಿ ಆಂತರಿಕ ವಿಚಾರ ಸ್ಪರ್ಧೆಯನ್ನು ನಡೆಸಿ, ಮುಖ್ಯೋಪಾಧ್ಯಾಯರು ಅತ್ಯುತ್ತಮವಾದ ಐದು ವಿಚಾರಗಳನ್ನು ಕಳುಹಿಸಬೇಕೆಂಬುದು ಯೋಜನೆಯ ಆಶಯ. ಇದಕ್ಕಾಗಿ ಶಾಲೆಯಲ್ಲಿ 'ವಿಚಾರ ಪೆಟ್ಟಿಗೆ'ಯೊಂದನ್ನು ಇಡುವುದು ಉತ್ತಮ. ಹೆಸರು ಹೇಳಲು ಸಂಕೋಚಪಡುವ ಮಗು, ತರಗತಿಯಲ್ಲಿ ಕೈ ಎತ್ತದ ಮಗು ಕೂಡ ಚೀಟಿ ಬರೆದು ಹಾಕಬಲ್ಲದು. ಅಂಕಗಳಲ್ಲಿ ಮುಂದಿರುವ ಐವರನ್ನು ಕರೆದು "ಏನಾದರೂ ಬರೆಯಿರಿ" ಎಂದು ಹೇಳುವುದು ಆಯ್ಕೆಯಾಗಲಾರದು.

ವಿಚಾರಗಳನ್ನು ಐದು ಒರೆಗಲ್ಲುಗಳಿಗೆ ಹಚ್ಚಿ ನೋಡಲಾಗುತ್ತದೆ: ಹೊಸತನ, ಸಮಾಜಕ್ಕೆ ಉಪಯೋಗ, ಪರಿಸರಕ್ಕೆ ಹಾನಿಯಾಗದಿರುವುದು, ಬಳಸುವವರಿಗೆ ಸುಲಭವಾಗಿರುವುದು, ಈಗಿರುವ ಸಾಧನಕ್ಕಿಂತ ಮೇಲಾಗಿರುವುದು. ಇವುಗಳಲ್ಲಿ ಮೊದಲನೆಯದರಲ್ಲೇ ಬಹುತೇಕ ಅರ್ಜಿಗಳು ಸೋಲುವ ಅಪಾಯವಿದೆ. ಜ್ವಾಲಾಮುಖಿಯ ಮಾದರಿ, ಮಳೆನೀರು ಕೊಯ್ಲಿನ ಮಾದರಿ, ಜಲವಿದ್ಯುತ್ ಸ್ಥಾವರದ ಮಾದರಿ ಇವೆಲ್ಲ ಪಾಠವನ್ನು ಅರ್ಥಮಾಡಿಸಲು ಒಳ್ಳೆಯ ಸಾಧನಗಳೇ. ಆದರೆ ಅವು ತಿಳಿದ ವಿಷಯದ ಪ್ರದರ್ಶನಗಳೇ ಹೊರತು ಹೊಸ ವಿಚಾರಗಳಲ್ಲ. ಮಾರುಕಟ್ಟೆಯಲ್ಲಿ ಸಿದ್ಧವಾಗಿ ದೊರೆಯುವ ಕಿಟ್‌ಗಳನ್ನು ಜೋಡಿಸಿ ಕಳುಹಿಸುವುದೂ ಇದೇ ಗುಂಪಿಗೆ ಸೇರುತ್ತದೆ.

ಹೊಸತನವನ್ನು ಪರೀಕ್ಷಿಸಲು ಸುಲಭವಾದ ವಿಧಾನವೊಂದಿದೆ. ವಿಚಾರವನ್ನು ಎರಡು ಮೂರು ಪದಗಳಿಗೆ ಇಳಿಸಿ ಅಂತರ್ಜಾಲದಲ್ಲಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹುಡುಕಿ. ಅಂಥದ್ದೇ ಸಾಧನ ಸಿಕ್ಕಿದರೆ ವಿಚಾರವನ್ನು ತಕ್ಷಣ ಕೈಬಿಡಬೇಕಾಗಿಲ್ಲ. ಆ ಸಾಧನ ನಮ್ಮೂರಿನ ಬಳಕೆಗೆ ಏಕೆ ಒದಗುತ್ತಿಲ್ಲ ಎಂದು ಮಗುವನ್ನು ಕೇಳಿ. ಬೆಲೆ ಹೆಚ್ಚೇ, ವಿದ್ಯುತ್ ಬೇಕೇ, ಭಾರವೇ, ಹೆಂಗಸರ ಎತ್ತರಕ್ಕೆ ಹೊಂದುವುದಿಲ್ಲವೇ? ಆ ಕೊರತೆಯನ್ನು ಮಗು ನಿವಾರಿಸಬಲ್ಲದಾದರೆ ಹೊಸತನ ಅಲ್ಲಿದೆ.

4. ಒಂದು ಉದಾಹರಣೆ

ಪಾಠಕ್ಕಾಗಿ ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಇದನ್ನು ಯಾವ ಶಾಲೆಯೂ ಹಾಗೆಯೇ ನಕಲಿಸಿ ಕಳುಹಿಸಬಾರದು.

ಬಯಲುಸೀಮೆಯ ಹಳ್ಳಿಗಳಲ್ಲಿ ಹುಣಸೆಯ ಕಾಲ ಬಂದಾಗ ಹೆಂಗಸರು ದಿನವಿಡೀ ಕುಳಿತು ಹಣ್ಣಿನ ಓಡು ತೆಗೆದು, ನಾರು ಬಿಡಿಸಿ, ಕುಟ್ಟಿ ಬೀಜ ಬೇರ್ಪಡಿಸುತ್ತಾರೆ. ಏಳನೆಯ ತರಗತಿಯ ಬಾಲಕಿಯೊಬ್ಬಳು ವಿಚಾರ ಪೆಟ್ಟಿಗೆಗೆ ಹೀಗೆ ಬರೆದು ಹಾಕಿದಳೆಂದು ಭಾವಿಸೋಣ: "ಹುಣಸೆ ಬೀಜ ತೆಗೆಯುವ ಯಂತ್ರ ಬೇಕು."

ಈ ರೂಪದಲ್ಲಿ ಇದು ಬೇಡಿಕೆ, ಇನ್ನೂ ವಿಚಾರವಾಗಿಲ್ಲ. ಹುಣಸೆ ಬೀಜ ಬೇರ್ಪಡಿಸುವ ಯಂತ್ರಗಳು ಈಗಾಗಲೇ ಇವೆ. ಶಿಕ್ಷಕರು ಉತ್ತರವನ್ನು ಹೇಳಿಕೊಡದೆ ಪ್ರಶ್ನೆಗಳನ್ನು ಮಾತ್ರ ಕೇಳಬೇಕು. "ನಿಮ್ಮ ಮನೆಯಲ್ಲಿ ಯಂತ್ರ ಏಕೆ ಇಲ್ಲ?" ವರ್ಷಕ್ಕೆ ಕೆಲವೇ ವಾರಗಳ ಕೆಲಸಕ್ಕೆ ಅಷ್ಟು ಹಣ ಹಾಕಲಾಗದು, ಬೇರೆಯವರ ಹಣ್ಣನ್ನು ಕೂಲಿಗೆ ಬಿಡಿಸಿಕೊಡುತ್ತೇವೆ ಎಂಬ ಉತ್ತರ ಬರುತ್ತದೆ. "ಅಮ್ಮನಿಗೆ ಯಾವುದು ಹೆಚ್ಚು ಕಷ್ಟ?" ಕುಟ್ಟುವಾಗ ಬೆರಳಿಗೆ ಪೆಟ್ಟಾಗುತ್ತದೆ, ಬಗ್ಗಿ ಕುಳಿತು ಸೊಂಟ ಹಿಡಿಯುತ್ತದೆ. "ಕೈಯ ಬದಲು ಬೇರೆ ಯಾವುದರಿಂದ ಒತ್ತಬಹುದು?" ಮಗು ಯೋಚಿಸಿ, ಕುರ್ಚಿಯ ಮೇಲೆ ಕುಳಿತು ಕಾಲಿನಿಂದ ತುಳಿಯುವ, ನಡುವೆ ಅಂತರವನ್ನು ಹೊಂದಿಸಬಹುದಾದ ಎರಡು ಗೀರುಹಲಗೆಗಳ ಚಿತ್ರ ಬರೆಯುತ್ತದೆ.

ಈಗ ಅದು ವಿಚಾರವಾಯಿತು. ವಿದ್ಯುತ್ ಬೇಡ, ಊರಿನ ಬಡಗಿ ಮಾಡಿಕೊಡಬಲ್ಲ, ಬೆರಳು ಅಪಾಯದಿಂದ ದೂರವಿದೆ. ಮುಖ್ಯವಾಗಿ, ಇದನ್ನು ಪರೀಕ್ಷಿಸಬಹುದು: ಒಂದು ಕಿಲೋ ಹಣ್ಣನ್ನು ಕೈಯಿಂದ ಬಿಡಿಸಲು ಎಷ್ಟು ನಿಮಿಷ, ಹಲಗೆಯಿಂದ ಎಷ್ಟು ನಿಮಿಷ, ಎಷ್ಟು ಬೀಜ ಉಳಿಯಿತು, ತೊಳೆ ಎಷ್ಟು ಹಾಳಾಯಿತು. ಅಳೆಯಲು ಸಾಧ್ಯವಾಗುವಂತೆ ಪ್ರಶ್ನೆಯನ್ನು ರೂಪಿಸುವುದೇ ಸಂಶೋಧನೆಯ ಮೊದಲ ಪಾಠ. ಅಳತೆಯ ಫಲ ನಿರೀಕ್ಷೆಗೆ ವಿರುದ್ಧವಾಗಿ ಬಂದರೂ ಮಗು ಕಲಿತದ್ದು ನಷ್ಟವಾಗದು.

5. ಸಾರಾಂಶದ ಬರವಣಿಗೆ

ಅರ್ಜಿಯೊಂದಿಗೆ ವಿಚಾರದ ಸಾರಾಂಶವನ್ನು ಲಗತ್ತಿಸಬೇಕು. ಕೆಳಗಿನ ಐದು ಪ್ರಶ್ನೆಗಳಿಗೆ ಎರಡೆರಡು ವಾಕ್ಯಗಳಲ್ಲಿ ಉತ್ತರ ಬರೆದರೆ ಸಾರಾಂಶ ತಾನಾಗಿಯೇ ಸಿದ್ಧವಾಗುತ್ತದೆ.

ಅ) ತೊಂದರೆ ಏನು, ಯಾರಿಗೆ, ಎಲ್ಲಿ ಕಂಡದ್ದು?
ಆ) ಈಗ ಜನ ಅದನ್ನು ಹೇಗೆ ನಿಭಾಯಿಸುತ್ತಿದ್ದಾರೆ? ಅದರ ಕೊರತೆ ಏನು?
ಇ) ನನ್ನ ವಿಚಾರ ಏನು, ಅದು ಹೇಗೆ ಕೆಲಸ ಮಾಡುತ್ತದೆ?
ಈ) ಇದು ಬೇರೆಯವುಗಳಿಗಿಂತ ಹೇಗೆ ಭಿನ್ನ?
ಉ) ಇದು ಕೆಲಸ ಮಾಡಿತೆಂದು ನಾನು ಹೇಗೆ ತಿಳಿಯುವೆನು?

ಇದರೊಂದಿಗೆ ಮಗು ಕೈಯಿಂದ ಬರೆದ, ಭಾಗಗಳ ಹೆಸರು ಗುರುತಿಸಿದ ಒಂದು ರೇಖಾಚಿತ್ರವಿದ್ದರೆ ಅರ್ಧ ಪುಟದ ವಿವರಣೆ ಉಳಿಯುತ್ತದೆ.

ಮಗು ಮೊದಲು ಕನ್ನಡದಲ್ಲಿಯೇ ಬರೆಯಲಿ. ಇಂಗ್ಲಿಷಿಗೆ ತರುವುದಾದರೆ ಶಿಕ್ಷಕರು ಭಾಷೆಯನ್ನಷ್ಟೇ ಬದಲಿಸಬೇಕು, ವಿಚಾರವನ್ನು ಬದಲಿಸಬಾರದು. "ಕೃತಕ ಬುದ್ಧಿಮತ್ತೆ", "ಸಂವೇದಕ ಜಾಲ" ಮುಂತಾಗಿ ಮಗುವಿಗೆ ತಿಳಿಯದ ಪದಗಳನ್ನು ತುರುಕಿದರೆ, ಜಿಲ್ಲಾ ಪ್ರದರ್ಶನದಲ್ಲಿ ತೀರ್ಪುಗಾರರು ಪ್ರಶ್ನೆ ಕೇಳಿದಾಗ ಮಗು ಮೂಕವಾಗುತ್ತದೆ. ಆ ಅವಮಾನವನ್ನು ಅನುಭವಿಸುವುದು ಮಗು, ಬರೆದುಕೊಟ್ಟವರಲ್ಲ. ಹಣ ಕೊಟ್ಟು ಹೊರಗಿನವರಿಂದ ಮಾದರಿ ಮಾಡಿಸುವುದಕ್ಕೂ ಇದೇ ಮಾತು ಅನ್ವಯಿಸುತ್ತದೆ. ಇಂಥದ್ದರಿಂದ ಮಗು ಕಲಿಯುವುದು ವಿಜ್ಞಾನವನ್ನಲ್ಲ, ಬೇರೆಯವರ ಕೆಲಸಕ್ಕೆ ತನ್ನ ಹೆಸರು ಹಾಕಿಕೊಳ್ಳುವ ಅಭ್ಯಾಸವನ್ನು.

ಇನ್ನೊಂದು ಎಚ್ಚರಿಕೆ ಅಗತ್ಯ. ಪೇಟೆಂಟ್ ಪಡೆಯಲು ವಿಚಾರವು ಅರ್ಜಿಗೆ ಮೊದಲು ಬಹಿರಂಗವಾಗಿರಬಾರದೆಂಬುದು ಕಾನೂನಿನ ಸಾಮಾನ್ಯ ನಿಯಮ. ಆದ್ದರಿಂದ ಮಗುವಿನ ಸಾಧನದ ಒಳರಚನೆಯ ಚಿತ್ರಗಳನ್ನು ಅಭಿಮಾನದಿಂದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಂಚುವುದನ್ನು ತಡೆಯಬೇಕು. ಮಗುವನ್ನು ಅಭಿನಂದಿಸಲು ವಿಚಾರದ ಹೆಸರೊಂದೇ ಸಾಕು.

6. ಜಾಲತಾಣದಲ್ಲಿ ಅರ್ಜಿ ಸಲ್ಲಿಸುವ ಹಂತಗಳು

ಯೋಜನೆಯ ಎಲ್ಲ ವ್ಯವಹಾರವೂ 'ಇ-ಮಿಯಾಸ್' ಎಂಬ ಜಾಲತಾಣದ ಮೂಲಕ ನಡೆಯುತ್ತದೆ. ವಿದ್ಯಾರ್ಥಿ ನೇರವಾಗಿ ಅರ್ಜಿ ಸಲ್ಲಿಸುವಂತಿಲ್ಲ. ಶಾಲೆಯೇ ನಾಮನಿರ್ದೇಶನ ಮಾಡಬೇಕು.

ಮೊದಲ ಹಂತ: ಶಾಲೆಯ ನೋಂದಣಿ. ಇದು ಒಂದೇ ಬಾರಿ ಮಾಡಬೇಕಾದ ಕೆಲಸ. ಶಾಲೆಯ ವಿವರ ತುಂಬಿ ಸಲ್ಲಿಸಿದ ಬಳಿಕ ಜಿಲ್ಲಾ ಹಂತದ ಅಧಿಕಾರಿ ಅನುಮೋದಿಸಬೇಕು. ಅನುಮೋದನೆಯ ನಂತರವೇ ಶಾಲೆಯು ತನ್ನ ಬಳಕೆದಾರ ಹೆಸರು ಮತ್ತು ಗುಪ್ತಪದದೊಂದಿಗೆ ಒಳಪ್ರವೇಶಿಸಬಹುದು. ಅನುಮೋದನೆಗೆ ಸಮಯ ಹಿಡಿಯುವುದರಿಂದ, ಹೊಸದಾಗಿ ನೋಂದಾಯಿಸುವ ಶಾಲೆಗಳು ಕೊನೆಯ ವಾರದವರೆಗೆ ಕಾಯಬಾರದು.

ನೋಂದಣಿಗೆ ಶಿಕ್ಷಕರ ಸ್ವಂತ ಮಿಂಚಂಚೆ ವಿಳಾಸದ ಬದಲು ಶಾಲೆಯ ಹೆಸರಿನಲ್ಲಿರುವ ವಿಳಾಸವನ್ನು ಕೊಡುವುದು ಸೂಕ್ತ. ಶಿಕ್ಷಕರು ವರ್ಗಾವಣೆಯಾದಾಗ ಗುಪ್ತಪದವೂ ಅವರೊಡನೆ ಹೋಗಿಬಿಟ್ಟರೆ ಮುಂದಿನ ವರ್ಷ ಶಾಲೆಗೆ ಬಾಗಿಲು ಮುಚ್ಚಿದಂತಾಗುತ್ತದೆ. ಬಳಕೆದಾರ ಹೆಸರು ಮತ್ತು ಗುಪ್ತಪದವನ್ನು ಮುಖ್ಯೋಪಾಧ್ಯಾಯರ ಸುಪರ್ದಿನಲ್ಲಿ ಮೊಹರು ಮಾಡಿದ ಲಕೋಟೆಯಲ್ಲಿಟ್ಟು, ಪ್ರಭಾರ ವಹಿಸಿಕೊಡುವ ಪಟ್ಟಿಯಲ್ಲಿ ನಮೂದಿಸತಕ್ಕದ್ದು.

ಎರಡನೆಯ ಹಂತ: ವಿದ್ಯಾರ್ಥಿಯ ವಿವರ. ಹೆಸರು, ತಂದೆ ತಾಯಿಯ ಹೆಸರು, ಜನ್ಮದಿನಾಂಕ, ತರಗತಿ, ಬ್ಯಾಂಕ್ ಖಾತೆಯ ವಿವರ ಮುಂತಾದವುಗಳನ್ನು ಮೊದಲು ಕಾಗದದ ಮೇಲೆ ತುಂಬಿ, ಪೋಷಕರಿಗೆ ಓದಿಹೇಳಿ ಸಹಿ ಪಡೆಯಿರಿ. ಅನಂತರ ಗಣಕಯಂತ್ರದ ಮುಂದೆ ಕುಳಿತುಕೊಳ್ಳಿ.

ಮೂರನೆಯ ಹಂತ: ವಿಚಾರದ ಶೀರ್ಷಿಕೆ ಮತ್ತು ಸಾರಾಂಶ. ಶೀರ್ಷಿಕೆಯಲ್ಲಿಯೇ ಹೊಸತನ ಕಾಣಬೇಕು. "ಹುಣಸೆ ಯಂತ್ರ" ಎಂಬುದಕ್ಕಿಂತ "ಕುಳಿತು ಕಾಲಿನಿಂದ ಒತ್ತುವ ಹುಣಸೆ ಬೀಜ ಬಿಡಿಸುವ ಹಲಗೆ" ಎಂಬುದು ಹೆಚ್ಚು ಹೇಳುತ್ತದೆ. ಕಡತದ ಗಾತ್ರ ಮತ್ತು ವಿಧ ಜಾಲತಾಣದಲ್ಲಿ ಸೂಚಿಸಿದಂತೆ ಇರಬೇಕು.

ನಾಲ್ಕನೆಯ ಹಂತ: ಪರಿಶೀಲನೆ ಮತ್ತು ಸಲ್ಲಿಕೆ. ಉಳಿಸಿದ ಅರ್ಜಿ ಸಲ್ಲಿಸಿದ ಅರ್ಜಿಯಾಗುವುದಿಲ್ಲ. ಅಂತಿಮವಾಗಿ ಸಲ್ಲಿಸಿದ ಮೇಲೆ ಬರುವ ಅರ್ಜಿಸಂಖ್ಯೆಯನ್ನು ಬರೆದುಕೊಂಡು, ಪುಟವನ್ನು ಮುದ್ರಿಸಿ, ಒಂದು ಪ್ರತಿಯನ್ನು ಮಗುವಿನ ಮನೆಗೆ ಕೊಡಿ. ಕೊನೆಯ ದಿನಾಂಕ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಹಳೆಯ ಸುತ್ತೋಲೆಯನ್ನು ನಂಬದೆ ಜಾಲತಾಣವನ್ನೇ ನೋಡತಕ್ಕದ್ದು.

7. ಹೆಸರು ಮತ್ತು ಬ್ಯಾಂಕ್ ಖಾತೆ

ಆಯ್ಕೆಯಾದ ಮಗುವಿಗೂ ಹಣ ತಲುಪದಂತೆ ಮಾಡಬಲ್ಲದ್ದು ಈ ಒಂದು ಅಂಕಣ. ಕೆಳಗಿನ ಅಂಶಗಳನ್ನು ಒಂದೊಂದಾಗಿ ತಾಳೆ ನೋಡಿ.

ಹೆಸರು: ಶಾಲಾ ದಾಖಲಾತಿ, ಆಧಾರ್, ಬ್ಯಾಂಕ್ ಪಾಸ್‌ಪುಸ್ತಕ ಮೂರರಲ್ಲಿಯೂ ಹೆಸರು ಒಂದೇ ರೀತಿ ಇರಬೇಕು. ನಮ್ಮಲ್ಲಿ ಇನಿಷಿಯಲ್ ಒಂದು ಕಡೆ ಹೆಸರಿನ ಮುಂದೆ, ಇನ್ನೊಂದು ಕಡೆ ಹೆಸರಿನ ಹಿಂದೆ, ಮತ್ತೊಂದು ಕಡೆ ಇಲ್ಲವೇ ಇಲ್ಲ ಎಂಬಂತಿರುತ್ತದೆ. ಕನ್ನಡದ ಒಂದೇ ಹೆಸರು ಇಂಗ್ಲಿಷಿನಲ್ಲಿ ಎರಡು ಮೂರು ಬಗೆಯಾಗಿ ಬರೆಯಲ್ಪಡುತ್ತದೆ. ವ್ಯತ್ಯಾಸವಿದ್ದರೆ ತಿದ್ದುಪಡಿಯನ್ನು ಮೊದಲು ಮಾಡಿಸಿ.

ಖಾತೆ: 10 ವರ್ಷ ತುಂಬಿದ ಮಕ್ಕಳು ತಾವೇ ನಿರ್ವಹಿಸಬಹುದಾದ ಉಳಿತಾಯ ಖಾತೆಯನ್ನು ತೆರೆಯಲು ಭಾರತೀಯ ರಿಸರ್ವ್ ಬ್ಯಾಂಕ್ ಅವಕಾಶ ನೀಡಿದೆ. ವಿದ್ಯಾರ್ಥಿವೇತನಕ್ಕಾಗಿ ತೆರೆದ ಖಾತೆಯಿದ್ದರೆ ಅದು ಚಾಲ್ತಿಯಲ್ಲಿದೆಯೇ ಎಂದು ಪಾಸ್‌ಪುಸ್ತಕ ನಮೂದು ಮಾಡಿಸಿ ನೋಡಿ. ಶಿಕ್ಷಕರ ಅಥವಾ ಸಂಬಂಧಿಕರ ಖಾತೆಯನ್ನು ಕೊಡಕೂಡದು.

ಐ.ಎಫ್.ಎಸ್.ಸಿ. ಸಂಕೇತ: ಇದರಲ್ಲಿ 11 ಅಕ್ಷರಾಂಕಗಳಿರುತ್ತವೆ, ಐದನೆಯದು ಯಾವಾಗಲೂ ಸೊನ್ನೆ, 'ಓ' ಅಕ್ಷರವಲ್ಲ. ಹಳೆಯ ಪಾಸ್‌ಪುಸ್ತಕಗಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿಯೂ, ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿಯೂ, ಕಾರ್ಪೊರೇಷನ್ ಬ್ಯಾಂಕ್ ಅದೇ ದಿನ ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನಗೊಂಡವು. ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು 2025ರ ಮೇ 1ರಿಂದ ಒಂದಾಗಿವೆ. ಅಮ್ಮನ ಹಳೆಯ ಪಾಸ್‌ಪುಸ್ತಕ ನೋಡಿ ಸಂಕೇತ ಬರೆಯದೆ, ಶಾಖೆಯಲ್ಲಿ ವಿಚಾರಿಸಿ ಬರೆಯಿರಿ.

8. ಹಣ ಬಂದ ನಂತರ

ರೂ. 10,000 ಮಾದರಿಯ ತಯಾರಿಕೆಗಾಗಿ ಬಂದ ಹಣ. ಬಡತನವಿರುವ ಮನೆಯಲ್ಲಿ ಈ ಮೊತ್ತ ಬೇರೆ ತುರ್ತಿಗೆ ಕರಗಿಹೋಗುವ ಸಾಧ್ಯತೆಯನ್ನು ನಾವು ತಿರಸ್ಕಾರದಿಂದ ನೋಡಬಾರದು. ಅರ್ಜಿ ಸಲ್ಲಿಸುವಾಗಲೇ ಪೋಷಕರಿಗೆ ಹಣದ ಉದ್ದೇಶವನ್ನು ತಿಳಿಸಿ ಹೇಳಿದರೆ ಮನಸ್ತಾಪಕ್ಕೆ ಎಡೆಯಿರುವುದಿಲ್ಲ. ಸಾಮಗ್ರಿ, ಕೆಲಸಗಾರರ ಕೂಲಿ, ಪರೀಕ್ಷೆಗೆ ಬೇಕಾದ ವಸ್ತು ಎಂಬ ಮೂರು ಶೀರ್ಷಿಕೆಗಳಡಿ ಮಗುವೇ ಒಂದು ಅಂದಾಜು ಪಟ್ಟಿ ಮಾಡಲಿ. ಮೊದಲ ಮಾದರಿ ಕೆಡುವುದು ಸಾಮಾನ್ಯವಾದ್ದರಿಂದ ಎಲ್ಲ ಹಣವನ್ನೂ ಅದಕ್ಕೇ ಸುರಿಯದೆ, ರಟ್ಟು ಮತ್ತು ಬಿದಿರಿನಿಂದ ಒಂದು ಕಚ್ಚಾ ಮಾದರಿ ಮಾಡಿ ನೋಡಿದ ಮೇಲೆ ಗಟ್ಟಿ ಮಾದರಿಗೆ ಕೈಹಾಕುವುದು ಒಳ್ಳೆಯದು. ದಿನಾಂಕ, ಮಾಡಿದ ಬದಲಾವಣೆ, ಕಂಡ ಫಲ ಇವುಗಳನ್ನು ಬರೆದಿಡುವ ಒಂದು ನೋಟುಪುಸ್ತಕವಿರಲಿ. ಜಿಲ್ಲಾ ಪ್ರದರ್ಶನದಲ್ಲಿ, ಈ ವಿಚಾರ ಮಗುವಿನದೇ ಎಂಬುದಕ್ಕೆ ಅದಕ್ಕಿಂತ ಉತ್ತಮ ಸಾಕ್ಷ್ಯ ಬೇರೊಂದಿಲ್ಲ.

9. ಮುಂದಿನ ಮೆಟ್ಟಿಲು

ಇಲ್ಲಿ ಕಲಿತ ಕ್ರಮ ಮುಂದೆಯೂ ನೆರವಿಗೆ ಬರುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯು 1977ರಿಂದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಅಂತಿಮ ವರ್ಷದ ಯೋಜನೆಗಳಿಗೆ ನೆರವು ನೀಡುತ್ತಾ ಬಂದಿದೆ. ಅಲ್ಲಿಯೂ, ಅದಕ್ಕೂ ಮೇಲಿನ ಸಂಶೋಧನಾ ಅನುದಾನಗಳಲ್ಲಿಯೂ ಕೇಳುವುದು ಇವೇ: ತೊಂದರೆ ಏನು, ಈವರೆಗೆ ಏನಾಗಿದೆ, ನೀವು ಹೊಸದಾಗಿ ಏನು ಮಾಡುವಿರಿ, ಹೇಗೆ ಅಳೆಯುವಿರಿ, ಎಷ್ಟು ಖರ್ಚು. ಹನ್ನೆರಡನೆಯ ವಯಸ್ಸಿನಲ್ಲಿ ಈ ಐದು ಪ್ರಶ್ನೆಗಳಿಗೆ ಉತ್ತರ ಬರೆದ ಮಗು, ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಅದೇ ಪ್ರಶ್ನೆಗಳ ಮುಂದೆ ಅಂಜುವುದಿಲ್ಲ. ಆಯ್ಕೆಯಾಗದ ಮಕ್ಕಳ ಪಾಲಿಗೂ ಈ ಲಾಭ ಉಳಿಯುತ್ತದೆ. ಆದುದರಿಂದ ಆಯ್ಕೆಯಾಗದ ವಿಚಾರಗಳ ಚೀಟಿಗಳನ್ನು ಎಸೆಯದೆ, ತಿದ್ದಿ ಬೆಳೆಸಲು ಮುಂದಿನ ವರ್ಷಕ್ಕೆ ಕಾದಿರಿಸಬೇಕು.

ಚರ್ಚೆಗೆ ಪ್ರಶ್ನೆಗಳು

(ಗ್ರಾಮ ಪಂಚಾಯಿತಿಯ ಸಾಮಾನ್ಯ ಸಭೆಯಲ್ಲಿ ಅಥವಾ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಚರ್ಚಿಸುವುದು)

1. ನಮ್ಮ ಪಂಚಾಯಿತಿ ವ್ಯಾಪ್ತಿಯ ಎಷ್ಟು ಶಾಲೆಗಳು ಇ-ಮಿಯಾಸ್ ಜಾಲತಾಣದಲ್ಲಿ ನೋಂದಣಿಯಾಗಿವೆ? ಗುಪ್ತಪದ ಯಾರ ಬಳಿ ಇದೆ?
2. ಕಳೆದ ವರ್ಷ ಪ್ರತಿ ಶಾಲೆಯಿಂದ ಎಷ್ಟು ವಿಚಾರಗಳು ಹೋಗಿವೆ? ಐದಕ್ಕಿಂತ ಕಡಿಮೆಯಾಗಿದ್ದರೆ ಕಾರಣವೇನು?
3. ಹಿಂದಿನ ಮಕ್ಕಳ ಗ್ರಾಮಸಭೆಯ ನಡವಳಿಯಲ್ಲಿರುವ ಯಾವ ಮೂರು ತೊಂದರೆಗಳನ್ನು ಅಳೆದು ನೋಡಬಹುದಾದ ಪ್ರಶ್ನೆಗಳನ್ನಾಗಿ ಬದಲಿಸಬಹುದು?
4. ಅರಿವು ಕೇಂದ್ರದ ಗಣಕಯಂತ್ರವನ್ನು ಶಾಲೆಗಳಿಗೆ ಯಾವ ದಿನ, ಯಾವ ವೇಳೆಯಲ್ಲಿ ಒದಗಿಸಬಹುದು?
5. ನಾಮನಿರ್ದೇಶನಗೊಳ್ಳುವ ಮಕ್ಕಳ ಹೆಸರು ಮತ್ತು ಖಾತೆಯ ತಿದ್ದುಪಡಿಗೆ ನೆರವಾಗುವ ಹೊಣೆಯನ್ನು ಯಾರಿಗೆ ವಹಿಸಬೇಕು?

ಸಭೆಯ ತೀರ್ಮಾನಗಳನ್ನು ನಡವಳಿಯಲ್ಲಿ ದಾಖಲಿಸಿ, ಪ್ರತಿಯೊಂದರ ಎದುರಿಗೆ ಜವಾಬ್ದಾರಿ ವಹಿಸಿಕೊಂಡವರ ಹೆಸರು ಮತ್ತು ದಿನಾಂಕವನ್ನು ನಮೂದಿಸತಕ್ಕದ್ದು.